ದರಪಟ್ಟಿ

ಕೋಡಿಬಾಗದ ಧಕ್ಕೆಯಲ್ಲಿ ಹದಿನೇಳು ವರ್ಷ
ಲಾಂಚಿನ ಟಿಕೀಟು ಹರಿದವನು ಶಾಂಬಾ ದುರ್ಗೇಕರ.
ಮನುಷ್ಯರಿಗೆ ಹದಿನೈದು ಪೈಸೆ, ಸೈಕಲ್ಲಿಗೆ ಹತ್ತು,
ಮೀನುಬುಟ್ಟಿಗೆ ಐದು. ಖಾಲಿ ಬುಟ್ಟಿ ಪುಕ್ಕಟೆ.
ಅದಕ್ಕೇ ಸಂಜೆ ಹೊತ್ತು ಮೀನಿನ ಹೆಂಗಸರು
ಉಳಿದ ಬಂಗಡೆಯನ್ನು ಸೆರಗಿನಡಿ ಹಿಡಿದು
ಬುಟ್ಟಿ ಬೋರಲು ಹಾಕಿ ತೋರಿಸುತ್ತಿದ್ದರಂತೆ.
'ವಾಸನೆಗೆ ಟಿಕೀಟಿಲ್ಲವಲ್ಲ' ಅನ್ನುತ್ತಾನೆ.

ಹೆಣಕ್ಕೆ ಎಷ್ಟು ಅಂತ ದರಪಟ್ಟಿಯಲ್ಲಿ ಇರಲಿಲ್ಲ.
ಒಮ್ಮೆ ಸದಾಶಿವಗಡದ ಮಾಸ್ತರರನ್ನು
ಆಸ್ಪತ್ರೆಯಿಂದ ಆಚೆ ದಡಕ್ಕೆ ಒಯ್ಯುವಾಗ
ಹೊತ್ತ ನಾಲ್ವರಿಗೆ ಹರಿದು, ಐದನೆಯದಕ್ಕೆ
ತನ್ನ ಕಿಸೆಯಿಂದ ಹಾಕಿದ:
'ಲೆಕ್ಕ ಕಲಿಸಿದವರು. ಪುಕ್ಕಟೆ ಹೋಗುವ ಪೈಕಿ ಅಲ್ಲ.'

ಸೇತುವೆ ಆಯಿತು. ಲಾಂಚು ನಿಂತಿತು.
ಬೈತಖೋಲ ಬಂದರಿನಲ್ಲಿ ಐಸು ಒಡೆದ,
ಬಿಣಗಾ ಕಾರ್ಖಾನೆಯ ಗೇಟಿನಲ್ಲಿ ರಾತ್ರಿಪಾಳಿ ಕೂತ,
ಮೊಣಕಾಲು ಹೋದ ಮೇಲೆ
ಯಾರ್‍ಯಾರದೋ ಹರಿದ ಬಲೆ ಹೊಲಿದ.
ಬಸ್ಸು ಸೇತುವೆ ಏರಿದರೆ ಮಾತ್ರ ಕಣ್ಣು ಮುಚ್ಚುತ್ತಿದ್ದ.
ಸಿಟ್ಟಿಗಲ್ಲವಂತೆ. ಅಷ್ಟು ಎತ್ತರದಿಂದ
ಹೊಳೆಯ ಗುರುತು ಸಿಗುವುದಿಲ್ಲವಂತೆ.

ಮೊನ್ನಿನ ಮಳೆಗಾಲ, ನಡುರಾತ್ರಿ
ಆ ಹಳೇ ಸೇತುವೆ ಲಾರಿಯೊಂದರ ಸಮೇತ ಕುಸಿದಾಗ
ಕೇರಿಯೆಲ್ಲ ಮೊಬೈಲು ಎತ್ತಿಕೊಂಡು ಓಡಿತು.
ನಾನು ಇವನ ಮನೆಗೆ ಓಡಿದೆ, ಸುದ್ದಿ ಹೇಳಲು;
ಒಂದು ಸಣ್ಣ ನಗೆಯಾದರೂ ಬಂದೀತೆಂದು
ಆಸೆ ಇತ್ತು ನನಗೆ, ಸುಳ್ಳೇಕೆ.

ಮುದುಕ ಕಂಬಳಿ ಸರಿಸಿ
ಕತ್ತಲಲ್ಲೇ ಚಪ್ಪಲಿ ತಡಕುತ್ತ ಕೇಳಿದ:
'ಡ್ರೈವರು ಬಿದ್ದಾಗ ನೀರು ಭರತವೋ, ಇಳಿತವೋ?
ಇಳಿತವಾದರೆ ದೋಣಿಯವರಿಗೆ
ದೇವಬಾಗದ ಕಡೆ ನೋಡಲು ಹೇಳು. ಬೇಗ.'