ಬಸವನಹುಳುವಿನ ಅಂಕಿಅಂಶ

ಎಂಟುನೂರ ಹನ್ನೆರಡು ಲೇಖನ ಸಿಕ್ಕಿದವು ಸರ್,
ನಕಲು ಕಳೆದರೆ ಆರುನೂರ ನಲವತ್ತು.
ಇಟಲಿಯವನೊಬ್ಬ ಮೂರು ಕಾಗುಣಿತದಲ್ಲಿ
ಮೂವರಾಗಿ ಕೂತಿದ್ದ;
ಅವನನ್ನು ಒಬ್ಬನಾಗಿಸಲು ಒಂದಿಡೀ ಶನಿವಾರ ಹೋಯಿತು.

ಪೆರಿಯದ ಗ್ರಂಥಾಲಯ, ಮೂಲೆಯ ಮೇಜು.
ಪರದೆಯ ಮೇಲೆ ಚುಕ್ಕೆಗಳು ಒಂದನ್ನೊಂದು ಎಳೆದಾಡಿ
ಕೊನೆಗೆ ಅಕ್ಕಚ್ಚಿನ ಗಸಿಯ ಹಾಗೆ ಕೂರುತ್ತವೆ.
ಕೆಂಪು ಪ್ರವಾಸೋದ್ಯಮ, ಎಲ್ಲಕ್ಕಿಂತ ದಪ್ಪ.
ಹಸಿರು ಊಟದ್ದು. ನೀಲಿಯಲ್ಲಿ ಬದುಕಿನ ಗುಣಮಟ್ಟ,
ಐದಾರು ವರ್ಷಗಳಿಂದ ಊದಿಕೊಳ್ಳುತ್ತಿದೆ.
ತುದಿಯಲ್ಲಿ ಯಾರಿಗೂ ಗೆರೆ ತಾಗದೆ ಒಂದು ಸಣ್ಣದು:
ಕೂಲಿ.

'ನಿಧಾನ ನಗರದ ಬಗ್ಗೆ ಸ್ವಲ್ಪ ಬೇಗ ಬರೀರಿ, ವಿನೋದಿನಿ,
ಮೂವತ್ತೊಂದಕ್ಕೆ ಕೊನೆ ದಿನ' ಎಂದಿರಿ.
ನೀವು ನಗಲಿಲ್ಲ. ನಾನೂ.

ನಿಯಮ ಓದಿದೆ: ಬಸವನಹುಳುವಿನ ಗುರುತು ಬೇಕಾದರೆ
ಊರಲ್ಲಿ ಐವತ್ತು ಸಾವಿರಕ್ಕಿಂತ ಕಡಿಮೆ ಜನ ಇರಬೇಕು.
ನಮ್ಮ ಕಾಸರಗೋಡಿಗೆ ನಾಲ್ಕು ಸಾವಿರ ಹೆಚ್ಚು.
ಯಾರನ್ನು ಆಚೆ ಕಳಿಸುವುದು?
ಈ ಪ್ರಶ್ನೆಯನ್ನು ಇಲ್ಲಿ ಗಟ್ಟಿಯಾಗಿ ಕೇಳುವಂತಿಲ್ಲ ಸರ್,
ನಕ್ಷೆ ಎಂದರೆ ಸಾಕು, ನಮ್ಮಜ್ಜಿ ವೀಳ್ಯ ಮಡಿಸುವುದನ್ನು ನಿಲ್ಲಿಸುತ್ತಾರೆ.

ಹೆದ್ದಾರಿ ಆರು ಪಥ ಆಗುತ್ತಾ ಉಂಟು.
ಅದಕ್ಕೇ ಪೊಯಿನಾಚಿಯಿಂದ ಚೆರ್ಕಳಕ್ಕೆ ಬಸ್ಸು ತೆವಳುತ್ತದೆ.
ವೇಗ ಕಟ್ಟುವಾಗಿನ ಈ ನಿಧಾನಕ್ಕೆ
ಆರುನೂರ ನಲವತ್ತರಲ್ಲೂ ಕೀವರ್ಡ್ ಇಲ್ಲ.
(ಅಡಿಟಿಪ್ಪಣಿ: ನಿಘಂಟಿನಲ್ಲಿ ನಿಧಾನ ಎಂದರೆ
ಹೂತಿಟ್ಟ ನಿಧಿ ಎಂದೂ ಉಂಟು.
ಇಂಗ್ಲಿಷಿಗೆ ಹಾಕಲಾಗಲಿಲ್ಲ, ಬಿಟ್ಟೆ.)

ನಿನ್ನೆ ತಳಂಗರೆಗೆ ಹೋದೆ. ನೀವು ಹೇಳಿರಲಿಲ್ಲ.
ನಬೀಸುಮ್ಮ ಟೋಪಿ ಹೊಲಿಯುತ್ತಾರೆ,
ಬಿಳಿಯ ಮೇಲೆ ಬಿಳಿ ನೂಲು;
ಹತ್ತಿರ ಹಿಡಿಯದಿದ್ದರೆ ಹೂವು ಕಾಣುವುದಿಲ್ಲ.
ಒಂದಕ್ಕೆ ಎಷ್ಟು ದಿನ ಎಂದೆ.
'ಪಿಳ್ಳೆಗೆ ಜ್ವರ ಬಂದರೆ ಹತ್ತು. ಇಲ್ಲದಿದ್ದರೆ ಆರು.'
ಇಟಲಿಯ ಊರುಗಳ ಸಂಗತಿ ಹೇಳಿದೆ,
ಹಾರ್ನ್ ಇಲ್ಲದ ಚೌಕ, ಗೋಡೆಯ ಮೇಲೆ ಹುಳುವಿನ ಚಿತ್ರ,
ಅಲ್ಲಿ ಕೈಕೆಲಸಕ್ಕೆ ಮರ್ಯಾದೆ.
ಹಲ್ಲಲ್ಲಿ ನೂಲು ಕಡಿದು ಅವರೆಂದರು:
'ನಿಧಾನ ಅಂದರೆ ಇಲ್ಲಿ ಕಮ್ಮಿ ಪೈಸೆ, ಮೋಳೇ.
ಮರ್ಯಾದೆ ಗಲ್ಫಿಗೆ ಹೋದ ಟೋಪಿಗೆ.'

ಆ ಮಾತನ್ನು ಯಾವ ಬಣ್ಣಕ್ಕೆ ಸೇರಿಸಲಿ?
'ಅಧ್ಯಯನದ ಮಿತಿಗಳು' ಎಂಬಲ್ಲಿ ಒಂದು ಸಾಲು ಬರೆದಿದ್ದೆ:
ಲೇಖನವಿಲ್ಲದ ಊರುಗಳು ಇದರಲ್ಲಿ ಇಲ್ಲ.
ನೀವು ಹೊಡೆದು ಹಾಕಿದಿರಿ, 'ಗೊತ್ತಿರುವುದೇ' ಎಂದು ಪಕ್ಕದಲ್ಲಿ ಬರೆದು.

ಹೊರಡುವಾಗ ನಬೀಸುಮ್ಮ ಕೇಳಿದರು,
ಆ ಚುಕ್ಕೆ ಕೂರಿಸಲು ನಿನಗೆಷ್ಟು ಕೊಡುತ್ತಾರೆ?
ಮಾರ್ಚಿನಿಂದ ಸ್ಟೈಪೆಂಡ್ ಬಂದಿಲ್ಲ ಎಂದೆ.
ಅವರು ಏನೂ ಹೇಳಲಿಲ್ಲ.
ಸೂಜಿ ಬಾಯಲ್ಲಿ ಕಚ್ಚಿ, ಕೂತಲ್ಲೇ ಸರಿದು,
ಕಿಟಕಿಯ ಬೆಳಕಿನಲ್ಲಿ
ನನಗೊಂದು ಗೇಣು ಜಾಗ ಬಿಟ್ಟರು.