ಕಂದೀಲಪ್ಪ ಮತ್ತ ಬಂದಾನ

ಆಳಂದ ಟ್ರಿಪ್ಪಿಗಿ ಇನ್ನೂ ಇಪ್ಪತ್ತು ನಿಮಿಷ ಅದ.
ಡ್ರೈವರ್ ಸಂಗಣ್ಣ ಸುಸಲಾ ತಿನ್ನಲಿಕ್ಕ ಹೋಗ್ಯಾನ.
ಕಲಬುರಗಿ ಬಸ್‌ಸ್ಟ್ಯಾಂಡಿನ ಬಿಸಲಾಗ, ಬಾನೆಟ್ ಮ್ಯಾಲ ಕಾಲಿಟ್ಟು,
ಟಿಕೆಟ್ ಮಷೀನು ತೊಡಿ ಮ್ಯಾಲ ಇಟಗೊಂಡು
ನಾನು ಕಂದೀಲಪ್ಪನ್ನ ಓಡಸ್ಲತ್ತೀನಿ.

ಅವನ ಖರೇ ಹೆಸರು ಆಗ ನಮಗ ಗೊತ್ತಿರಲಿಲ್ಲ.
ಜಪಾನಿ ಅಕ್ಷರ, ಓದವ್ರು ಯಾರು?
ಕೈಯಾಗ ದೀಪ ಇತ್ತು, ಹೆಸರು ತಾನೇ ಬಿತ್ತು.
ಶಹಾಬಜಾರ ನಾಕಾದ ಹಂತ್ಯಾಕ, ಪಂಕ್ಚರ್ ಅಂಗಡಿ ಹಿಂದ
ನಸೀರ್ ಚಾಚಾನ ತಗಡಿನ ಖೋಲಿ,
ರೂಪಾಯಿಗಿ ಹತ್ತು ನಿಮಿಷ.
ಹುಡುಗೇರು ಬರಬಾರದು ಅಂತ ಯಾರೂ ಅಂದಿರಲಿಲ್ಲ.
ಬಂದಾಕಿ ನಾನೊಬ್ಬಾಕೇ.

ಛಲೋದು ಮೊದಲ ಹೇಳಿಬಿಡ್ತೀನಿ.
ಆಗ ಆಕಾಶ ಅಂದ್ರ ಒಂದೇ ನೀಲಿ,
ಟಿವಿ ಕಾದ್ರ ಅದೂ ಹಸಿರು.
ಈಗ ಅಲ್ಲಿ ಸಂಜಿ ಆಗ್ತದ,
ತೊಗರಿ ಹೂವಿನ ಹಳದಿ ನಿಧಾನ ಕೆಂಪಗ ತಿರಗ್ತದ.
ನೆಲದ ಕಲ್ಲಿಗಿ ಬಿರುಕು, ಬಿರುಕಿನಾಗ ಹುಲ್ಲು,
ನಮ್ಮ ಶಹಾಬಾದ ಪರ್ಸಿ ಹಾಸಿದಾಂಗ.
ಅವ ಓಡಿದ್ರ ದೀಪ ತೂಗ್ತದ,
ದೀಪ ತೂಗಿದ್ರ ನೆರಳು ಗ್ವಾಡಿ ಮ್ಯಾಲ ಏರಿ ಇಳೀತದ.
ಆ ನೆರಳು ನೋಡಕೋತ ಕುಂತು
ಹಾರೋದು ಮರತು, ತೆಗ್ಗಿನಾಗ ಬಿದ್ದು ಸತ್ತೆ,
ಮೂರು ಸಲ.

ಸತ್ರೂ ಏನಿಲ್ಲ ಈಗ. ತೆಗ್ಗಿನ ದಂಡ್ಯಾಗೇ
ಮೈ ಝಾಡಿಸಿಕೊಂಡು ಏಳ್ತಾನ.
ಆಗ ಮೂರೇ ಜೀವ. ಏಳನೇ ಕ್ವಾಟ್ಯಾಗ ಕರೆಂಟ್ ಹೋದ್ರ
ಕ್ವಾಟಿನೂ ಹೋತು, ರೂಪಾಯಿನೂ ಹೋತು.
ಚಾಚಾ ಒಂದು ಪೆಪ್ಪರ್‌ಮಿಂಟ್ ಕೈಯಾಗಿಟ್ಟು
'ಜಾ ಬೇಟಿ' ಅಂತಿದ್ದ.
ಆ ಕತ್ತಲ್ಯಾಗ ಎಲ್ಲಾರೂ ಕೂಡಿ ಹ್ವಾ ಅಂದದ್ದು
ಈ ಹೊಸದರಾಗ ಎಲ್ಲಿ ಹುಡಕಲಿ?

ಹಾಡು ಕೆಡಿಸ್ಯಾರ.
ನಾಕೇ ಸ್ವರ ಇದ್ದವು, ನಲ್ಲಿ ಸೋರಿದಾಂಗ,
ಈಗ ಮದವಿ ಬ್ಯಾಂಡು ಹಚ್ಚ್ಯಾರ.
ಕಾಜಿನ ಮ್ಯಾಲ ಗುಂಡಿ ಎಲ್ಲಿ ಅದ ಅಂತ ಬಟ್ಟಿಗಿ ತಿಳಿಯೋದಿಲ್ಲ.
ನನ್ನ ಹೆಬ್ಬಟ್ಟು ಹಾರಿದ ಮ್ಯಾಲ
ಅವ ಹಾರ್ತಾನ. ಕೂದಲೆಳಿ ಅಷ್ಟೇ ತಡ.
ಆದ್ರ ತೆಗ್ಗಿಗಿ ಅಷ್ಟು ಸಾಕು.

ಅದೆಲ್ಲಾ ಹೋಗ್ಲಿ.
ಮೂರನೇ ಕ್ವಾಟಿ, ಭಾವಿ ಆಚಿ, ಒಂದು ಗ್ವಾಡಿ ಇತ್ತು.
ಕುಕ್ಕರಗಾಲಿಲೆ ಕುಂತು ಹಾರಿದ್ರ
ಅದರೊಳಗ ಹೊಕ್ಕು ಬಿಡ್ತಿದ್ದ ಕಂದೀಲಪ್ಪ.
ಇದು ಗೊತ್ತಿದ್ದದ್ದು ಪಂಕ್ಚರ್ ಅಂಗಡಿ ಅಂಬಾರಾಯಗ,
ಅವ ಹೇಳಿದ್ದು ನನಗ ಒಬ್ಬಾಕಿಗೇ.
ಕೈಗೆಲ್ಲಾ ಸೊಲ್ಯೂಷನ್ ವಾಸನಿ ಅವಂದು.
ಒಳಗ ಏನಿರಲಿಲ್ಲ. ಬರೇ ಕಪ್ಪು,
ಮುರದ ಅಕ್ಷರದ ಚೂರು, ಮಿಣಕ್ ಮಿಣಕ್ ದೀಪ.
ಬಾವಲಿ ಬರತಿರಲಿಲ್ಲ. ಎಣ್ಣಿ ತೀರತಿರಲಿಲ್ಲ.
ರೊಕ್ಕ ಕೊಟ್ಟ ಹತ್ತು ನಿಮಿಷದಾಗ ಎರಡು ನಿಮಿಷ
ಏನೂ ಮಾಡದೇ ಅಲ್ಲೇ ಕುಂದರತಿದ್ದಿವಿ,
ನಾನು, ಅವ, ಮತ್ತ ಕಂದೀಲಪ್ಪ.

ಆ ಗ್ವಾಡಿ ಈಗ ರಿಪೇರಿ ಆಗ್ಯದ.
ಹಳೇ ತಪ್ಪೆಲ್ಲಾ ತಿದ್ದೀವಿ ಅಂತ
ಮೊದಲೇ ಹೆಮ್ಮಿಲೆ ಬರದಾರ.
ಹತ್ತು ಸಲ ತಲಿ ಹೊಡಕೊಂಡೆ. ಗಟ್ಟಿ ಅದ.
ಅಚ್ಚುಕಟ್ಟಾಗಿ, ಮ್ಯಾಲ ಬಳ್ಳಿನೂ ಬಿಟ್ಟಾರ.

ಆಗ ಎಡಕ್ಕ ತಿರಗಾಕ ಬರತಿರಲಿಲ್ಲ,
ದಾಟಿದ್ದನ್ನ ಪರದಿ ನುಂಗಿಬಿಡತಿತ್ತು.
ಈಗ ಬಿಟ್ಟಾರ, ಎಷ್ಟು ಬೇಕು ಅಷ್ಟು ಹೋಗು ಅಂತ.
ಹೋದೆ. ಭಾವಿ ದಾಟಿ, ಎರಡನೇ ಕ್ವಾಟಿ ದಾಟಿ.
ಆರಿಸಿದ ನಾಣ್ಯ ಇಲ್ಲ, ಹೊಡದ ಬಾವಲಿ ಇಲ್ಲ,
ಸಂಜಿ ಮಾತ್ರ ಭಾಳ ಚೆಂದ.
ನಾನು ಕಂಡಕ್ಟರ್. ವಾಪಸ್ ಟ್ರಿಪ್ಪಿನಾಗೂ
ಯಾರರೇ ಕೈ ಮಾಡ್ತಾರ, ಹತ್ತತಾರ,
ಚಿಲ್ಲರಿಗಿ ಜಗಳಾಡ್ತಾರ.
ಇಲ್ಲಿ ಒಬ್ಬರೂ ಹತ್ತಲಿಲ್ಲ.

ಸಂಗಣ್ಣ ಬಂದ, ಬಾಯಾಗ ಮೆಣಸಿನಕಾಯಿ ಖಾರ ಹಿಡದು
ಹುಸ್ಸ್ ಅನಕೋತ. ಬಾನೆಟ್ ನಡಗಿತು.
ಮೂವತ್ತೊಂದು ಮಂದಿ, ಎರಡು ಹಾಫ್, ಒಂದು ಕೋಳಿ.
ಮೊಬೈಲ್ ಚೀಲದಾಗ ಒಗದು
ಬಾಗಲಾ ಎಳದು
ರೈಟ್ ಅಂದೆ.