ಎನ್ನಲಾಗಿದೆ

ಮಂಜೇಶ್ವರದ ಕಾಲೇಜಿನಲ್ಲಿ ಕೊನೆಯ ಬೆಲ್ಲಾಗಿ
ಕುಂಬಳೆ ಬಸ್ಸೂ ಹೋದ ಮೇಲೆ
ಪ್ರಸೀನಾ ಟೀಚರ್ ಗ್ರಂಥಾಲಯಕ್ಕೆ ಬಂದರು,
ಎದೆಗವಚಿಕೊಂಡು ನಲವತ್ತೊಂದು ಅಸೈನ್‌ಮೆಂಟು.
ವಿಷಯ: ಗುಡ್ಡ ಕೊರೆದು ನೀರು ತರುವ ನಮ್ಮೂರ ಸುರಂಗಗಳು.

"ಓದಿ ನೋಡಿ ಸಾರ್, ಎಲ್ಲದರಲ್ಲೂ ಒಂದೇ ವಾಕ್ಯ:
ಈ ವಿದ್ಯೆ ಹಡಗು ಹತ್ತಿ ಹೊರಗಿನಿಂದ ಬಂತು ಎನ್ನಲಾಗಿದೆ.
ಕನ್ನಡದಲ್ಲಿ ಹದಿನೆಂಟು, ಮಲಯಾಳದಲ್ಲಿ ಇಪ್ಪತ್ತಮೂರು.
ಸುಳ್ಳೋ ನಿಜವೋ ನನಗೂ ಗೊತ್ತಿಲ್ಲ.
ಹೇಗೆ ಹುಡುಕುವುದೆಂದು ನನಗೆ ಯಾರು ಕಲಿಸಿದ್ದಾರೆ?
ಎಂ.ಎ.ಯಲ್ಲಿ ನಾನೂ ಹೀಗೇ ಬರೆದೆ. ರ‍್ಯಾಂಕೂ ಬಂತು."

ಚಾ ತರಿಸಿದೆ. ಇನ್ನೇನು ಮಾಡುವುದು.
ಆಮೇಲೆ ಇಬ್ಬರೂ ಕೂತು ಹಿಂದೆ ಹಿಂದೆ ಹೋದೆವು:
ಪುಟ ಪತ್ರಿಕೆಯನ್ನು ತೋರಿಸಿತು, ಪತ್ರಿಕೆ ಒಂದು ಸ್ಮರಣ ಸಂಚಿಕೆಯನ್ನು.
ಸಂಚಿಕೆ ನಮ್ಮದೇ ಕಪಾಟಿನಲ್ಲಿತ್ತು, ಗೆದ್ದಲು ಬಿಟ್ಟಷ್ಟು.
ಅಲ್ಲಿಯೂ ಎನ್ನಲಾಗಿದೆ.
ಅಂದವ ಯಾರು?
ಕರ್ತೃವಿಲ್ಲದ ಕ್ರಿಯಾಪದವೊಂದು
ಹೆಗಲಿಂದ ಹೆಗಲಿಗೆ ಇಷ್ಟು ದೂರ ಸವಾರಿ ಬಂದಿತ್ತು.

ಮರುದಿನ ಪಾಠ ಅವರದು. ನಾನು ಕೊನೆಯ ಬೆಂಚಿನಲ್ಲಿ,
ಬೇಕಾದರೆ ಇರಲಿ ಎಂದು.
ಟೀಚರ್ ಬೋರ್ಡಿನ ಮೇಲೆ ಆ ಒಂದು ಶಬ್ದ ಬರೆದು
ಸುಮ್ಮನೆ ನಿಂತರು. ತುಂಬ ಹೊತ್ತು.
ನನಗೇ ಬೆವರಿತು.

ಬಾಯಾರಿನ ದಿವಿಜಾ, ಎಂದೂ ಬಾಯಿ ಬಿಡದವಳು, ಎದ್ದಳು:
"ನಮ್ಮ ಅಜ್ಜ ಸುರಂಗ ತೋಡಿದವರು ಟೀಚರ್. ಕೇಳಬಹುದಾ?
ಅಜ್ಜ ಪುಸ್ತಕ ಅಲ್ಲವಲ್ಲ."

ಕೊಗ್ಗಜ್ಜ ಶನಿವಾರ ಬಂದರು, ಇಸ್ತ್ರಿ ಹಾಕಿದ ಅಂಗಿಯಲ್ಲಿ.
ಅವರದು ತುಳು, ಮೊಮ್ಮಗಳು ಕನ್ನಡ ಮಾಡಿದಳು,
ಹಿಂದಿನ ಬೆಂಚು ಪಿಸುಪಿಸು ಮಲಯಾಳ:
ಮೇಣದಬತ್ತಿ ಹಿಡಿದು ಒಳಗೆ ಹೋಗುವುದು.
ಬತ್ತಿ ಸಣ್ಣಗಾಯಿತೋ, ಗಾಳಿ ಇಲ್ಲ,
ಇನ್ನೊಂದು ಏಟು ಕೂಡ ಹಾಕದೆ ಹಿಂದೆ ಬರುವುದು.
ಮಣ್ಣು ತಣ್ಣಗಿದ್ದರೆ ಮುಂದೆ. ಅಂಗೈಯಿಟ್ಟೇ ನೋಡಬೇಕು.
ಅವರಿವರು ಹೇಳಿದರೆಂದು ತೋಡಿದ ಎರಡು
ಇವತ್ತಿಗೂ ಒಣಗಿಯೇ ಉಂಟು, ಬಾವಲಿಗೆ ಆಯಿತು.

"ಮೊದಲು ಕಲಿಸಿದ್ದು ಯಾರು ಅಜ್ಜ?"
"ನನಗೆ ಅಣ್ಣ. ಅಣ್ಣನಿಗೆ ಮಾವ.
ಅದರಾಚೆ ಗೊತ್ತಿಲ್ಲ ಮಗಾ."

ಪೆನ್ನುಗಳು ನಿಂತವು.
ಗೊತ್ತಿಲ್ಲ ಎನ್ನುವುದನ್ನು ಹೇಗೆ ಬರೆಯುವುದು?
"ಹಾಗೆಯೇ ಬರೆಯಿರಿ," ಎಂದರು ಟೀಚರ್,
"ಯಾರು ಅಂದದ್ದು, ಯಾವ ದಿನ, ಅದನ್ನೂ."

ತೋಡಿದವರು ನಾವು, ಸುರಂಗಕ್ಕೆ ಹೆಸರು ಮಾತ್ರ
ಜಾಗದ ಧಣಿಗಳದ್ದು ಎಂದು ಅಜ್ಜ
ಬನ್ಸ್ ಮುರಿಯುತ್ತಾ ಸೇರಿಸಿದ್ದು
ಯಾರ ಹಾಳೆಯಲ್ಲೂ ಇಲ್ಲ, ಅಷ್ಟರಲ್ಲಿ ಬೆಲ್ಲಾಗಿತ್ತು.

ನಾನೊಂದು ಹೊಸ ಕಾರ್ಡು ತೆಗೆದೆ.
ಕರ್ತೃ ಎಂಬಲ್ಲಿ ಬರೆದೆ: ಕೊಗ್ಗು, ಬಾಯಾರು.
ಪುಟಗಳ ಸಂಖ್ಯೆ ಎಂಬಲ್ಲಿ
ಕೈ ತಡೆಯಿತು.